ಭಾನುವಾರದ ಸವಾರಿ, ಸೋಮವಾರದ ಸಭೆ

ಭಾನುವಾರವೆಂದರೆ ನಮ್ಮಂಥ ಕೆಲಸಕ್ಕೆ ಹೋಗುವ ಹೆಂಗಸರಿಗೆ ರಜೆಯಲ್ಲ. ವಾರದ ಬಟ್ಟೆ, ದೋಸೆಗೆ ನೆನೆಹಾಕುವ ಅಕ್ಕಿ, ತಿದ್ದದೆ ಉಳಿದ ಉತ್ತರ ಪತ್ರಿಕೆ, ಎಲ್ಲವೂ ಅಂದೇ ಒಟ್ಟಿಗೆ ಬಂದು ನಿಲ್ಲುತ್ತವೆ. ಅಂಥದೊಂದು ಭಾನುವಾರ, ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದಿದ್ದ ಅಕ್ಕನ ಮಗ "ಚಿಕ್ಕಮ್ಮಾ, ಇದನ್ನು ನೀವು ನೋಡಲೇಬೇಕು" ಎಂದು ಕೂರಿಸಿ ತೋರಿಸಿದ ಚಿತ್ರ ‘ಆನ್ ಎನಿ ಸಂಡೇ’. ಮೋಟಾರ್ ಸೈಕಲ್ ಚಿತ್ರವೆಂದು ಕೇಳಿ, ಕೈಯಾದರೂ ಕೆಲಸ ಮಾಡಲಿ ಎಂದು ಅವರೆಕಾಯಿ ಮೊರ ಎಳೆದುಕೊಂಡೆ. ಅರ್ಧ ಗಂಟೆಯಲ್ಲಿ ಕೈ ನಿಂತಿತ್ತು.

ಬ್ರೂಸ್ ಬ್ರೌನ್ 1971ರಲ್ಲಿ ತೆರೆಗೆ ತಂದ ಸಾಕ್ಷ್ಯಚಿತ್ರವಿದು. ಹಣ ಹಾಕಿದವರು ನಟ ಸ್ಟೀವ್ ಮೆಕ್ವೀನ್. ಅವರೂ ಇದರಲ್ಲಿ ಸವಾರರೇ. ಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತ್ತು. ಸೈಕಲ್ಲಿನ ಮೇಲೆ ಕುಳಿತು, ಬಾಯಲ್ಲೇ ಎಂಜಿನ್ ಸದ್ದು ಮಾಡಿಕೊಂಡು ದಿಬ್ಬ ಹಾರುವ ಹುಡುಗರಿಂದ ಶುರುವಾಗುತ್ತದೆ. ಶಾಲೆ ಬಿಟ್ಟ ಮೇಲೆ ನಮ್ಮ ಹುಡುಗರು ಮಾಡುವುದೂ ಅದನ್ನೇ ಅಲ್ಲವೆ?

ನನಗೆ ಹಿಡಿಸಿದ ಭಾಗ ಮರ್ಟ್ ಲಾವಿಲ್ ಅವರದು. 1969ರ ರಾಷ್ಟ್ರೀಯ ಚಾಂಪಿಯನ್. ಮರುವರ್ಷ ಪಟ್ಟ ಉಳಿಸಿಕೊಳ್ಳಲು ಊರೂರು ಅಲೆಯುತ್ತಾರೆ; ಯಂತ್ರ ಮತ್ತೆ ಮತ್ತೆ ಕೈಕೊಡುತ್ತದೆ, ಪಟ್ಟ ಹೋಗುತ್ತದೆ. ನಿರ್ದೇಶಕರು ಆ ಸೋಲಿಗೆ ಅಳುವುದೂ ಇಲ್ಲ, ಅದನ್ನು ಮುಚ್ಚುವುದೂ ಇಲ್ಲ. ಇನ್ನೊಬ್ಬರು ಮಾಲ್ಕಂ ಸ್ಮಿತ್, 2024ರಲ್ಲಿ ತೀರಿಕೊಂಡರು. ಕಲ್ಲು, ಕೆಸರು, ಮರಳು, ಎಲ್ಲಿ ಬಿಟ್ಟರೂ ನಗುತ್ತ ಹೊರಬರುವ ಮನುಷ್ಯ. ಮೋಟಾರ್ ಸೈಕಲ್ ಸವಾರನೆಂದರೆ ಪುಂಡ ಎಂದು ಸಿನಿಮಾಗಳು ಹೇಳಿಕೊಡುತ್ತಿದ್ದ ಕಾಲದಲ್ಲಿ, ಇವರೂ ಯಾರದೋ ಮನೆಯ ಮಕ್ಕಳು ಎಂದು ತೋರಿಸಿದ್ದು ಈ ಚಿತ್ರದ ದೊಡ್ಡ ಗುಣ.

ಆದರೆ ನನ್ನ ತಕರಾರು ಇರುವುದು ಕೊನೆಯ ದೃಶ್ಯದಲ್ಲಿ. ಮೂವರು ಗೆಳೆಯರು ಸಂಜೆಯ ಬಂಗಾರದ ಬೆಳಕಿನಲ್ಲಿ ಕಡಲ ದಂಡೆಯಲ್ಲಿ ಸವಾರಿ ಮಾಡುತ್ತಾರೆ. ಬೇಲಿಯಿಲ್ಲ, ತಡೆಯುವವರಿಲ್ಲ. ಕಣ್ಣು ತುಂಬಿ ಬರುವಂತಿದೆ, ನಿಜ. ಆದರೆ ಆ ದಂಡೆ ಅಮೆರಿಕದ ಸೇನೆಗೆ ಸೇರಿದ ಪೆಂಡಲ್ಟನ್ ಶಿಬಿರದ್ದು. ಮೆಕ್ವೀನ್ ಕೇಳಿದ್ದರಿಂದ ಅನುಮತಿ ಸಿಕ್ಕಿತಂತೆ. ಮೆಕ್ವೀನ್ ಗೆಳೆತನವಿಲ್ಲದವರ ಪರವಾಗಿ ಕೇಳುವವರು ಯಾರು? ಚಿತ್ರ ಆ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ.

ಉತ್ತರ ಬೇಗನೆ ಬೇಕಾಯಿತು. 1972ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆಜ್ಞೆ ಹೊರಡಿಸಿದರು. ರಸ್ತೆ ಬಿಟ್ಟು ಓಡುವ ವಾಹನಗಳು ದೇಶದಲ್ಲಿ ಸುಮಾರು 50 ಲಕ್ಷ ಇವೆ, ಸರ್ಕಾರಿ ನೆಲದಲ್ಲಿ ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಗೊತ್ತುಮಾಡಬೇಕು ಎಂದು. ಕಾರಣ ಇಲ್ಲದಿರಲಿಲ್ಲ. ಮೊಹಾವೆ ಮರುಭೂಮಿಯಲ್ಲಿ 1967ರಿಂದ ನಡೆಯುತ್ತಿದ್ದ ಬಾರ್ಸ್ಟೊ–ಲಾಸ್ ವೇಗಾಸ್ ಓಟಕ್ಕೆ 1974ರಲ್ಲಿ ಸುಮಾರು 3000 ಸವಾರರು ಸೇರಿದ್ದರು. ಮರುವರ್ಷ ಅನುಮತಿ ಸಿಗಲಿಲ್ಲ. ಮರುಭೂಮಿಯ ನೆಲಕ್ಕೆ ಬಿದ್ದ ಗಾಯ ದಶಕಗಳಾದರೂ ಮಾಯುವುದಿಲ್ಲ. ಅಲ್ಲಿನ ಆಮೆಗಳಿಗೂ ಬದುಕುವ ಹಕ್ಕಿದೆ.

ಅಕ್ಕನ ಮಗ ಅಲ್ಲಿನ ಒಂದು ಸವಾರರ ಸಂಘದಲ್ಲಿದ್ದಾನೆ. ಅವನ ಮಾತು ಕೇಳಿದಾಗ ಚಿತ್ರ ಬಿಟ್ಟ ಭಾಗ ಕಾಣಿಸಿತು. ಸಂಬಳವಿಲ್ಲದ ಜನ ಬಿದ್ದ ಮರ ಕೊಯ್ದು ದಾರಿ ಬಿಡಿಸುತ್ತಾರೆ. ಮಳೆನೀರು ಜಾಡು ಹಿಡಿದು ಕೊರೆಯದಂತೆ ಅಡ್ಡದಿಣ್ಣೆ ಹಾಕಿ ಪಕ್ಕಕ್ಕೆ ಹರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1986ರ ನಂತರ ತಯಾರಾದ ಬಹುತೇಕ ಬೈಕುಗಳ ಸದ್ದಿಗೆ 96 ಡೆಸಿಬಲ್ ಮಿತಿ. ಅದನ್ನು ತಮ್ಮವರಿಗೆ ತಾವೇ ನೆನಪಿಸುತ್ತಾರೆ. 2005ರಲ್ಲಿ ಅರಣ್ಯ ಇಲಾಖೆ, ನಕ್ಷೆಯಲ್ಲಿ ಗುರುತಿಸಿದ ದಾರಿಯಲ್ಲಿ ಮಾತ್ರ ಮೋಟಾರು ವಾಹನ ಎಂಬ ನಿಯಮ ತಂದಾಗ, ಇಂಥವರೇ ಜಾಡುಗಳ ಪಟ್ಟಿ ಹಿಡಿದು ಸಭೆಗಳಲ್ಲಿ ಕುಳಿತರು. "ಇಲಾಖೆಯ ಜೊತೆ ವಾದಿಸುವುದು ಸುಲಭ ಚಿಕ್ಕಮ್ಮಾ, ಸೈಲೆನ್ಸರ್ ಕಿತ್ತುಹಾಕಿದ ನಮ್ಮ ಹುಡುಗನಿಗೆ ‘ನೀನು ಇವತ್ತು ಬರಬೇಡ’ ಅನ್ನುವುದೇ ಕಷ್ಟ" ಎಂದ. ಮುಂದಾಳುತನವೆಂದರೆ ಇದೇ ಇರಬೇಕು.

ಈ ಮಾತು ನನಗೆ ನಾಟಲು ಕಾರಣವಿದೆ. ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಕ್ರೀಡಾದಿನದ ಸೀಟಿ ಊದಿದವಳು ನಾನು. ಮೈದಾನದ ಒಂದು ಮೂಲೆಯನ್ನು ಕಟ್ಟಡಕ್ಕೆ ಕೊಡುವ ಬಗ್ಗೆ ಸಭೆ ಕರೆದ ದಿನ, ಮನೆಗೆ ನೆಂಟರು ಬಂದಿದ್ದಾರೆಂದು ಹೋಗಲಿಲ್ಲ. ಹುಡುಗಿಯರ ಖೋ ಖೋ ಅಂಕಣ ಹೋಯಿತು. ಕಟ್ಟಿಸಿದವರನ್ನು ಬಹಳ ವರ್ಷ ಬೈದೆ. ಖಾಲಿಯಿದ್ದ ನನ್ನ ಕುರ್ಚಿಯ ನೆನಪು ಬಂದದ್ದು ಈ ಚಿತ್ರ ನೋಡಿದ ಮೇಲೆ.

ಚಿತ್ರ ಸಿಕ್ಕರೆ ನೋಡಿ, ಮಕ್ಕಳಿಗೂ ತೋರಿಸಿ. ಅಷ್ಟು ಸಂತೋಷವನ್ನು ಹಾಗೆ ಹಿಡಿದಿಟ್ಟ ಚಿತ್ರಗಳು ಕಡಿಮೆ. ಆ ಸಂತೋಷ ಓಡಾಡುವ ನೆಲವನ್ನು ಉಳಿಸುವವರ ಚಿತ್ರ ಬೇರೆಯೇ ಬೇಕು. ಅದನ್ನು ಯಾರೂ ತೆಗೆಯಲಾರರು, ಅಷ್ಟು ಬೇಸರದ ಕೆಲಸ ಅದು. ಕಳೆದ ತಿಂಗಳು ಶಾಲೆಯ ನೀರಿನ ತೊಟ್ಟಿಯ ವಿಷಯಕ್ಕೆ ಕರೆದ ಸಭೆಗೆ ಹೋಗಿದ್ದೆ. ಎರಡು ಗಂಟೆ ಆಕಳಿಸುತ್ತ ಕುಳಿತು ಎದ್ದುಬಂದೆ. ಕುಳಿತಿದ್ದೆನಲ್ಲ, ಅಷ್ಟು ಸಾಕೆನ್ನಿಸಿತು.