ಕ್ಯಾಮರಾಕ್ಕೆ ಲಕ್ಷ್ಯ, ತಂತಿಗೆ ಅಲಕ್ಷ್ಯ

ಕಡೂರಿನ ತೆಂಗಿನ ತೋಟ, ತರೀಕೆರೆಯ ಅಡಿಕೆ ಕಣ, ಅಜ್ಜಂಪುರದ ಅಂಗಡಿ – ಎಲ್ಲೆಡೆ ಈಗ ಕಾವಲು ಕ್ಯಾಮರಾ ಸಾಮಾನ್ಯ. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮರಾ ಅಳವಡಿಸಿ, ದೃಶ್ಯಗಳನ್ನು 30 ದಿನ ಕಾಪಾಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯೂ ವಿಧಿಸಿದೆ. ಈ ಭಾಗದ ಕೆಲವು ದರಪಟ್ಟಿಗಳನ್ನು ನೋಡುವ ಅವಕಾಶ ನನಗೆ ಒದಗಿತು. ಕ್ಯಾಮರಾದ ಮೆಗಾಪಿಕ್ಸೆಲ್, ಹಾರ್ಡ್ ಡಿಸ್ಕಿನ ಗಾತ್ರ ಎಲ್ಲವೂ ವಿವರವಾಗಿದ್ದವು. ತಂತಿಗೆ ಮಾತ್ರ ಒಂದೇ ಸಾಲು: 'ಕೇಬಲ್ ಮತ್ತು ಕನೆಕ್ಟರ್, ಅಗತ್ಯವಿದ್ದಷ್ಟು.' ನನ್ನ ಆಕ್ಷೇಪವಿರುವುದು ಈ ಸಾಲಿನ ಬಗ್ಗೆ.

ಲೆಕ್ಕ ಹಾಕಿ ನೋಡೋಣ. 12 ವೋಲ್ಟಿನ ಕ್ಯಾಮರಾ 60 ಮೀಟರ್ ದೂರದಲ್ಲಿದೆ. ತಾಮ್ರದ ತಂತಿಯ ಅಡ್ಡಕೊಯ್ತ 0.5 ಚದರ ಮಿ.ಮೀ. ವಿದ್ಯುತ್ತು ಹೋಗಿ ಬರಬೇಕಾದ್ದರಿಂದ ಉದ್ದ 120 ಮೀಟರ್. ರೋಧ ಸುಮಾರು 4.1 ಓಮ್. ಹಗಲಿನಲ್ಲಿ ಕ್ಯಾಮರಾ 0.2 ಆಂಪೇರ್ ಎಳೆದರೆ 0.8 ವೋಲ್ಟ್ ನಷ್ಟ. ಚಿತ್ರ ಚೆನ್ನಾಗಿಯೇ ಬರುತ್ತದೆ. ರಾತ್ರಿ ಅವಕೆಂಪು ದೀಪಗಳು ಹೊತ್ತಿ ಪ್ರವಾಹ 0.5 ಆಂಪೇರಿಗೇರಿದರೆ ನಷ್ಟ 2 ವೋಲ್ಟ್ ದಾಟಿ, ಕ್ಯಾಮರಾಕ್ಕೆ ಸಿಗುವುದು 10 ವೋಲ್ಟಿಗೂ ಕಡಿಮೆ. ಸಾಮಾನ್ಯವಾಗಿ ಶೇ. 10ರಷ್ಟು ಏರುಪೇರನ್ನಷ್ಟೇ ತಾಳುವ ಕ್ಯಾಮರಾ ಆಗ ಮಂಕಾಗಬಹುದು, ನಿಂತೇ ಹೋಗಬಹುದು. ಕಳ್ಳ ಬರುವುದು ರಾತ್ರಿ. ಅಳವಡಿಸಿದವರು ಪರೀಕ್ಷಿಸಿ ತೋರಿಸುವುದು ಹಗಲಿನಲ್ಲಿ!

ತಂತಿ ತಾಮ್ರಲೇಪಿತ ಅಲ್ಯೂಮಿನಿಯಮ್ ಆಗಿದ್ದರೆ ರೋಧ ಸುಮಾರು ಒಂದೂವರೆ ಪಟ್ಟು. ರಾತ್ರಿ ಉಳಿಯುವುದು 9 ವೋಲ್ಟಿನ ಆಸುಪಾಸು. ಮೇಲಾಗಿ, ತರೀಕೆರೆಯ ಮಲೆನಾಡಿನ ಅಂಚಿನಲ್ಲಿ ಮಳೆನೀರು ಬೆಸುಗೆಗಳಿಗೆ ಇಳಿದರೆ ತಾಮ್ರ, ಅಲ್ಯೂಮಿನಿಯಮ್‌ಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಮ್ ಸವೆಯುತ್ತದೆ. ತಂತಿ ಹೊಸೆದು ಟೇಪು ಸುತ್ತುವುದು ಕನೆಕ್ಟರ್ ಅಲ್ಲ. ಕೋ-ಆಕ್ಸಿಯಲ್ ಕೇಬಲಿನದೂ ಇದೇ ಕಥೆ. 75 ಓಮ್ ಪ್ರತಿಬಾಧೆಯ ಆರ್‌ಜಿ-59 ಬೇಕಾದಲ್ಲಿ 50 ಓಮ್‌ನ ಕೇಬಲ್ ಜೋಡಿಸಿದರೆ ಸಂಕೇತದ ಐದನೆಯ ಒಂದು ಪಾಲು ವೋಲ್ಟೇಜು ಜೋಡಣೆಯಲ್ಲೇ ಪ್ರತಿಫಲಿಸುತ್ತದೆ.

ಪರಿಹಾರ ಕಠಿಣವೇನಲ್ಲ. ತಂತಿಯ ಅಡ್ಡಕೊಯ್ತ ಇಮ್ಮಡಿಯಾದರೆ ನಷ್ಟ ಅರ್ಧವಾಗುತ್ತದೆ. ಐಪಿ ಕ್ಯಾಮರಾಗಳಾದರೆ ಈಥರ್‌ನೆಟ್ ಕೇಬಲಿನಲ್ಲೇ ಸುಮಾರು 48 ವೋಲ್ಟ್ ಒದಗಿಸುವ ಪಿಓಇ ವಿಧಾನವಿದೆ. ವೋಲ್ಟೇಜು ನಾಲ್ಕು ಪಟ್ಟಾದಾಗ ಅಷ್ಟೇ ಸಾಮರ್ಥ್ಯಕ್ಕೆ ಪ್ರವಾಹ ಕಾಲು ಭಾಗ ಸಾಕು. ಅದೇ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಹದಿನಾರನೆಯ ಒಂದು ಭಾಗ. ಆದರೆ ಅಲ್ಲಿಯೂ 100 ಮೀಟರ್ ಮಿತಿಯುಂಟು; ಅಪ್ಪಟ ತಾಮ್ರವೇ ಬೇಕು.

ತಪ್ಪು ಅಳವಡಿಸುವವರದೊಂದೇ ಅಲ್ಲ. ಅಗ್ಗದ ದರವನ್ನೇ ಒಪ್ಪುವವರು ನಾವು. ತರಗತಿಯಲ್ಲಿ 'ತಂತಿಯ ರೋಧ ಸೊನ್ನೆ ಎಂದಿಟ್ಟುಕೊಳ್ಳಿ' ಎಂದು ಕಲಿಸಿದವರೂ ನಾವೇ. ಶಿಕ್ಷಕರು ಓಮ್ ನಿಯಮದ ಪಾಠದ ದಿನ ತುಂಡು ಕೇಬಲೊಂದನ್ನು ತರಿಸಲಿ. ತಂತಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಪ್ಪಟ ತಾಮ್ರವಲ್ಲ. ಶಾಲೆಯ ಕ್ಯಾಮರಾದ ತುದಿಯಲ್ಲಿ ವೋಲ್ಟೇಜನ್ನು ಹಗಲೊಮ್ಮೆ, ಕತ್ತಲಾದ ಮೇಲೊಮ್ಮೆ ಅಳೆಸಲಿ. ಮುಂದಿನ ದರಪಟ್ಟಿಯಲ್ಲಿ ತಂತಿಯ ಲೋಹ, ಅಡ್ಡಕೊಯ್ತ, ಉದ್ದ ಇವು ಮೂರನ್ನೂ ಬರೆಸೋಣ.