ಧಾಟಿ ಮತ್ತು ದನಿ: ಎರಡು ಕನ್ನಡ ಚಿತ್ರಮಾಲೆಗಳ ನಾಯಕರು

ಪುಣೆಯ ಸ್ವಾರಗೇಟ ಬಸ್ ನಿಲ್ದಾಣವು ಹೊರನಾಡ ಕನ್ನಡಿಗರಿಗೆ ಬಹುಕಾಲದಿಂದ ಪರಿಚಿತವಾದ ಸ್ಥಳ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿಗಳ ಕಡೆಗೆ ಹೊರಡುವ ಬಸ್ಸುಗಳಿಗಾಗಿ ಕಾಯುವವರ ನಡುವೆ ಮರಾಠಿ, ಹಿಂದಿಗಳೊಂದಿಗೆ ಉತ್ತರ ಕರ್ನಾಟಕದ ಕನ್ನಡವೂ ಅಲ್ಲಿ ಸದಾ ಕೇಳಿಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ನೆಲದಡಿಯ ಮೆಟ್ರೋ ಬಂದ ಮೇಲೂ ಈ ಭಾಷಿಕ ಸಂತೆ ಬದಲಾಗಿಲ್ಲ. ಇಲ್ಲಿ ಬಸ್ಸಿಗಾಗಿ ಕುಳಿತ ಕನ್ನಡದ ಹುಡುಗರು ಮೊಬೈಲಿನಲ್ಲಿ ‘ಕೆ.ಜಿ.ಎಫ್.’ ಚಿತ್ರವನ್ನು ನೋಡುವುದನ್ನು ಈ ಲೇಖಕ ಹಲವು ಸಲ ಕಂಡಿದ್ದಾನೆ. ಹುಡುಗರು ತಮ್ಮತಮ್ಮಲ್ಲಿ ಆಡುವ ಮಾತು ಕನ್ನಡ. ತೆರೆಯ ಮೇಲಿನ ಕನ್ನಡ ನಾಯಕ ಆಡುವ ಮಾತು ಹಿಂದಿ. ಇದನ್ನು ವ್ಯಾಪಾರದ ಅನುಕೂಲವೆಂದು ತಳ್ಳಿಹಾಕಬಹುದು. ಆದರೆ ಚಿತ್ರಮಾಲೆಯೊಂದರ ಧಾಟಿ ಕಾಲದಿಂದ ಕಾಲಕ್ಕೆ ಹೇಗೆ ಬದಲಾಗುತ್ತದೆ ಎಂಬ ವಿಮರ್ಶೆಯ ಪ್ರಶ್ನೆಗೆ ಈ ಸಾಮಾನ್ಯ ದೃಶ್ಯ ಒಂದು ಹೊಸ ಪ್ರವೇಶವನ್ನು ಒದಗಿಸುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಪಶ್ಚಿಮದ ಅತಿಮಾನವ ನಾಯಕರ ಚಿತ್ರಮಾಲೆಗಳನ್ನು ಕುರಿತು ಈ ಪ್ರಶ್ನೆ ಸಾಕಷ್ಟು ಚರ್ಚಿತವಾಗಿದೆ. 1978ರ ‘ಸೂಪರ್‌ಮ್ಯಾನ್’ ಪುರಾಣದ ಗಾಂಭೀರ್ಯದಿಂದ ಆರಂಭವಾಗಿ, 1983ರ ಮೂರನೆಯ ಚಿತ್ರದ ವೇಳೆಗೆ ಪ್ರಹಸನಕ್ಕೆ ಇಳಿದು, 1987ರ ನಾಲ್ಕನೆಯದರಲ್ಲಿ ಅಣ್ವಸ್ತ್ರವಿರೋಧದ ಉಪದೇಶವಾಯಿತು. ‘ಬ್ಯಾಟ್‌ಮ್ಯಾನ್’ ಇದಕ್ಕೆ ವಿರುದ್ಧವಾಗಿ ನಡೆದು, 1966ರ ವಿನೋದದಿಂದ 2005ರ ನಂತರದ ವಿಷಾದದವರೆಗೆ, ನಡುವೆ ಏರಿಳಿತಗಳೊಡನೆ, ಸಾಗಿತು. ಇಂಥ ಬದಲಾವಣೆಗಳಿಗೆ ವಿಮರ್ಶಕರು ಸಾಮಾನ್ಯವಾಗಿ ನೀಡುವ ಕಾರಣಗಳು ಮೂರು: ನಿರ್ದೇಶಕರ ಬದಲಾವಣೆ, ತಂತ್ರಜ್ಞಾನದ ಬೆಳವಣಿಗೆ, ಕಾಲದ ರಾಜಕೀಯ. ಕನ್ನಡದ ಮಟ್ಟಿಗೆ ಈ ಮೂರೂ ಸಾಲವು. ಇಲ್ಲಿ ನಾಲ್ಕನೆಯ ಕಾರಣವೊಂದನ್ನು ಪರಿಶೀಲಿಸಬೇಕಾಗಿದೆ. ನಾಯಕನ ದೇಹಕ್ಕೂ ಅವನ ದನಿಗೂ ಇರುವ ಸಂಬಂಧವೇ ಆ ಕಾರಣ. ದನಿ ಎಂದರೆ ಇಲ್ಲಿ ಕಾವ್ಯಮೀಮಾಂಸೆಯ ಧ್ವನಿಯಲ್ಲ. ಕಿವಿಗೆ ಬೀಳುವ ಕಂಠ.

ಮುಖವಾಡ ತೊಟ್ಟು ಆಕಾಶದಲ್ಲಿ ಹಾರುವ ನಾಯಕನ ದೀರ್ಘ ಚಿತ್ರಮಾಲೆ ಕನ್ನಡದಲ್ಲಿ ಬೆಳೆದಿಲ್ಲ. ಅದಕ್ಕೆ ಅತಿ ಸಮೀಪವಾದುದು ಸಾಮಾನ್ಯರ ಮಿತಿಯನ್ನು ಮೀರಿದ ನಾಯಕನ ಸುತ್ತ ಕಟ್ಟಿದ ಎರಡು ಮಾಲೆಗಳು. ಮೊದಲನೆಯದು ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ಸಿ.ಐ.ಡಿ. 999ರ ನಾಲ್ಕು ಚಿತ್ರಗಳು: ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978). ಎರಡನೆಯದು ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್.’ನ ಎರಡು ಅಧ್ಯಾಯಗಳು (2018, 2022).

ಸಿ.ಐ.ಡಿ. 999 ತೆರೆಗೆ ಬಂದಾಗ ಪ್ರೇಕ್ಷಕರು ಕಂಡ ಹೊಸತನವನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಅಲ್ಲಿಯವರೆಗೆ ರಾಜಕುಮಾರ್ ಎಂದರೆ ಕಣ್ಣಪ್ಪ, ರಣಧೀರ ಕಂಠೀರವ, ಮಂತ್ರಾಲಯದ ರಾಘವೇಂದ್ರ, ಇಮ್ಮಡಿ ಪುಲಿಕೇಶಿ. ಅಂದರೆ ಭಕ್ತ, ಅರಸ ಅಥವಾ ಯತಿ. ಅದೇ ಮುಖ ಈಗ ಸೂಟು ತೊಟ್ಟು ಪಿಸ್ತೂಲು ಹಿಡಿದು, ಹೆಸರಿಗಿಂತ ಸಂಖ್ಯೆಯಿಂದಲೇ ಗುರುತಾಗುವ ಪತ್ತೇದಾರನಾಯಿತು. 1962ರಲ್ಲಿ ಆರಂಭವಾದ ಜೇಮ್ಸ್ ಬಾಂಡ್ ಚಿತ್ರಗಳ ಪ್ರೇರಣೆ ಸ್ಪಷ್ಟ. ಆದರೆ ಪ್ರೇರಣೆಯನ್ನು ಗುರುತಿಸಿ ನಿಲ್ಲುವುದು ವಿಮರ್ಶೆಯ ಸೋಮಾರಿತನವಾಗುತ್ತದೆ. ‘ಜೇಡರ ಬಲೆ’ಯ ಕಥೆ ಹುಟ್ಟುವುದು ಯಾವುದೇ ಲೋಹವನ್ನು ಚಿನ್ನವಾಗಿಸುವ ವೈಜ್ಞಾನಿಕ ಸೂತ್ರವೊಂದರಿಂದ. ಅದೇ 1968ರಲ್ಲಿ ಕೇಂದ್ರ ಸರ್ಕಾರ ಚಿನ್ನ ನಿಯಂತ್ರಣ ಕಾಯಿದೆಯನ್ನು ತಂದಿತ್ತು. ಚಿನ್ನದ ಮೇಲಿನ ನಿರ್ಬಂಧಗಳು ಅದಕ್ಕೂ ಕೆಲವು ವರ್ಷ ಮೊದಲೇ ಮನೆಮನೆಯ ಮಾತಾಗಿದ್ದವು. ನಿಜಜೀವನದಲ್ಲಿ ಬಿಗಿಯಾಗಿದ್ದ ವಸ್ತು ತೆರೆಯ ಮೇಲೆ ಸೂತ್ರವೊಂದರಿಂದ ಧಾರಾಳವಾಗಿ ಸಿಗುವ ಕಲ್ಪನೆಯಲ್ಲಿ ಒಂದು ಬಗೆಯ ಆಟವಿದೆ. ಎರಡನೆಯ ಚಿತ್ರದ ಗೋವಾ ಭಾರತಕ್ಕೆ ಸೇರಿ ಆಗ ಏಳು ವರ್ಷ ಮಾತ್ರ ಕಳೆದಿತ್ತು; ನೆರೆಯಲ್ಲೇ ಇದ್ದರೂ ಅದು ಪರದೇಶದ ಬೆರಗನ್ನು ಉಳಿಸಿಕೊಂಡಿತ್ತು. ಎರಡು ವರ್ಷಗಳಲ್ಲಿ ಬಂದ ಈ ಮೂರು ಕಪ್ಪುಬಿಳುಪು ಚಿತ್ರಗಳ ಸ್ಥಾಯಿ, ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಉತ್ಸಾಹ. ಅದಕ್ಕೆ ಬೆರೆತದ್ದು ವಿಸ್ಮಯ ಮತ್ತು ಹಾಸ. ಭಯವಿದ್ದರೂ ಅದು ಗಾಯ ಮಾಡುವ ಭಯವಲ್ಲ.

ಈ ಹಗುರತನಕ್ಕೆ ದನಿಯ ಏರ್ಪಾಡೂ ಕಾರಣವೆಂದು ತೋರುತ್ತದೆ. ಆ ಕಾಲದಲ್ಲಿ ರಾಜಕುಮಾರ್ ಮಾತನಾಡುವಾಗ ದನಿ ಅವರದು. ಹಾಡುವಾಗ ದನಿ ಪಿ.ಬಿ. ಶ್ರೀನಿವಾಸ್ ಅವರದು. ಇದನ್ನು ಕೊರತೆಯೆಂದು ಕನ್ನಡ ಪ್ರೇಕ್ಷಕ ಎಂದೂ ಭಾವಿಸಲಿಲ್ಲ. ಯಕ್ಷಗಾನದಲ್ಲಿ ಹಾಡುಗಾರಿಕೆ ಭಾಗವತನದು. ಕುಣಿತ ಮತ್ತು ಅರ್ಥ ವೇಷಧಾರಿಯವು. ಪದ್ಯ ಮುಗಿದೊಡನೆ ಭಾಗವತನ ದನಿಯಿಂದ ವೇಷಧಾರಿಯ ದನಿಗೆ ದಾಟುವುದನ್ನು ನಮ್ಮ ಕಿವಿ ತಲೆಮಾರುಗಳಿಂದ ಬಲ್ಲುದು. ಎರಡು ದನಿಗಳ ನಾಯಕ ಸಂಪೂರ್ಣವಾಗಿ ಒಬ್ಬ ವ್ಯಕ್ತಿಯಲ್ಲ. ಅವನು ಒಂದು ವೇಷ. ವೇಷವಾದ್ದರಿಂದಲೇ ಅರಸನೂ ಆಗಬಲ್ಲ, ಪತ್ತೇದಾರನೂ ಆಗಬಲ್ಲ.

ಮೂರನೆಯ ಮತ್ತು ನಾಲ್ಕನೆಯ ಚಿತ್ರಗಳ ನಡುವೆ ಒಂಬತ್ತು ವರ್ಷಗಳ ಅಂತರವಿದೆ. ನಿರ್ದೇಶಕರು ಬದಲಾಗಲಿಲ್ಲ, ನಾಯಕನಟ ಬದಲಾಗಲಿಲ್ಲ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಕೂಡ ಬದಲಾಗಲಿಲ್ಲ. ಆದರೂ ಧಾಟಿ ಬದಲಾಗಿದೆ. ನಿರ್ದೇಶಕರ ಬದಲಾವಣೆಯೇ ಧಾಟಿಯ ಬದಲಾವಣೆಗೆ ಮುಖ್ಯ ಕಾರಣವೆಂಬ ವಾದ ಇಲ್ಲಿಯೇ ಸೋಲುತ್ತದೆ. ಈ ಅವಧಿಯಲ್ಲಿ ಇದೇ ದೊರೈ–ಭಗವಾನ್ ‘ಕಸ್ತೂರಿ ನಿವಾಸ’ವನ್ನೂ (1971) ‘ಎರಡು ಕನಸು’ವನ್ನೂ (1974) ಮಾಡಿದರು, ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ (1972) ಬಂದಿತು. ಕೊಟ್ಟು ಬರಿಗೈಯಾಗುವ, ತನ್ನವರಿಗಾಗಿ ತನ್ನನ್ನು ಸವೆಸಿಕೊಳ್ಳುವ ನಾಯಕ ಈ ಚಿತ್ರಗಳಲ್ಲಿ ಸ್ಥಿರಗೊಂಡ. 1968ರಲ್ಲಿ ಸೂತ್ರದ ಫಲವಾಗಿದ್ದ ಬಂಗಾರ 1972ರ ಹೊತ್ತಿಗೆ ಶೀಲದ ಹೆಸರಾಗಿತ್ತು.

ಇದಕ್ಕಿಂತ ಮುಖ್ಯವಾದ ಘಟನೆ 1974ರದು. ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಗುಬ್ಬಿ ಕಂಪನಿಯಲ್ಲಿ ಪಳಗಿದ ನಟನಿಗೆ ಇದು ಹೊಸ ವಿದ್ಯೆಯಲ್ಲ. ಕಂಪನಿ ನಾಟಕದಲ್ಲಿ ನಟನೇ ಹಾಡಬೇಕಿತ್ತು. ಆದರೆ ಚಿತ್ರನಾಯಕನ ಮಟ್ಟಿಗೆ ಇದರ ಪರಿಣಾಮ ಗಾಢವಾದುದು. ಮಾತು ಮತ್ತು ಹಾಡು ಒಂದೇ ಕಂಠದಿಂದ ಬರತೊಡಗಿದಾಗ ವೇಷ ಹೋಗಿ ವ್ಯಕ್ತಿ ಉಳಿದ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ವರ್ಣದಲ್ಲಿದೆ, ನೇಪಾಳದಲ್ಲಿ ಚಿತ್ರಿತವಾಗಿದೆ, ಸಾಹಸಗಳೂ ಇವೆ. ಆದರೆ ಸಮೀಪಿಸುತ್ತಿದ್ದ ಐವತ್ತರ ವಯಸ್ಸಿನ, ತನ್ನದೇ ದನಿಯಲ್ಲಿ ಹಾಡುವ ಈ 999 ಕೇವಲ ಸಂಖ್ಯೆಯಾಗಿ ಉಳಿಯಲಾರ. ಅವನ ಹಿಂದೆ ‘ಕಸ್ತೂರಿ ನಿವಾಸ’ದ ನೆನಪು ನಿಂತಿದೆ. ಈ ಚಿತ್ರದಲ್ಲಿ ರಾಜಕುಮಾರ್ ಇಂಗ್ಲಿಷ್ ಹಾಡೊಂದನ್ನು ಹಾಡಿರುವುದು ಇಂದಿಗೂ ಜನಪ್ರಿಯವಾದ ಕೌತುಕ. ಅದನ್ನು ವಿನೋದವೆಂದು ನಗುತ್ತ ಕೇಳುವವರು ಒಂದು ಕಾಲಸಂಧಿಯನ್ನು ಮರೆಯುತ್ತಾರೆ: ನಾಲ್ಕು ವರ್ಷಗಳ ನಂತರ, 1982ರ ಗೋಕಾಕ್ ಚಳವಳಿಯಲ್ಲಿ, ಇದೇ ಕಂಠ ಕನ್ನಡದ ಪರವಾಗಿ ಊರೂರುಗಳಲ್ಲಿ ಮಾತನಾಡಿತು. ಆ ಹೊಣೆ ಹೊತ್ತ ದನಿಗೆ 1968ರ ಆಟ ಮತ್ತೆ ಸುಲಭವಾಗಿರಲಾರದು. 999ರ ಮಾಲೆ 1978ಕ್ಕೇ ನಿಂತುದನ್ನು ಮಾರುಕಟ್ಟೆಯ ಲೆಕ್ಕದಿಂದ ಮಾತ್ರವಲ್ಲದೆ ಈ ದೃಷ್ಟಿಯಿಂದಲೂ ನೋಡಬಹುದು.

ನಲವತ್ತು ವರ್ಷಗಳ ಅನಂತರ ಬಂದ ‘ಕೆ.ಜಿ.ಎಫ್.’ನಲ್ಲಿ ಚಿನ್ನ ಮತ್ತೆ ಕಥೆಯ ಕೇಂದ್ರಕ್ಕೆ ಬರುತ್ತದೆ. ಈಗ ಅದು ಸೂತ್ರವೂ ಅಲ್ಲ, ಶೀಲವೂ ಅಲ್ಲ. ಜೀತದಾಳುಗಳ ಮೈಯಿಂದ ತೆಗೆಯುವ ಅದಿರು. ನಿಜವಾದ ಕೋಲಾರದ ಗಣಿ 2001ರಲ್ಲಿ ಮುಚ್ಚಿಹೋಗಿತ್ತು. ಚಿತ್ರದ ನರಾಚಿ ಕಲ್ಪಿತ. 1951ರಲ್ಲಿ ಹುಟ್ಟುವ ರಾಕಿ ತಾಯಿಗೆ ಕೊಟ್ಟ ಭಾಷೆಯೊಂದನ್ನು ಹೊತ್ತು ನಡೆಯುತ್ತಾನೆ. ಸಂಖ್ಯೆಯಿಂದ ಗುರುತಾಗುತ್ತಿದ್ದ ನಾಯಕನ ಸ್ಥಾನದಲ್ಲಿ ಬಾಲ್ಯದ ಗಾಯದಿಂದ ಗುರುತಾಗುವ ನಾಯಕ ಬಂದಿದ್ದಾನೆ. ಉತ್ಸಾಹದ ಸ್ಥಾನವನ್ನು ಕ್ರೋಧವೂ ಶೋಕವೂ ಹಂಚಿಕೊಂಡಿವೆ.

ದನಿಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಈ ನಾಯಕ ಹಾಡುವುದಿಲ್ಲ. ಹಾಡುವವರು ಬೇರೆಯವರು: ಜನಸಮೂಹ, ತಾಯಿಯ ಭಾವವನ್ನು ಹೊತ್ತ ಹೆಣ್ಣುದನಿ. ಅವನು ಹಾಡಿನ ಕರ್ತೃವಲ್ಲ, ವಸ್ತು. ಎರಡನೆಯದಾಗಿ, ಅವನ ಕಥೆಯನ್ನು ಅವನು ಹೇಳುವುದಿಲ್ಲ. ಸರ್ಕಾರ ನಿಷೇಧಿಸಿದ ಪುಸ್ತಕವೊಂದರ ಮೂಲಕ ಕಥೆ ಹಿಂದಿರುಗಿ ನೋಡುತ್ತದೆ. ರನ್ನನ ‘ಗದಾಯುದ್ಧ’ದ ಸಿಂಹಾವಲೋಕನ ಕ್ರಮವನ್ನು ಬಲ್ಲ ಕನ್ನಡ ಓದುಗನಿಗೆ ಈ ವಿಧಾನ ಅಪರಿಚಿತವಲ್ಲ. ಆದರೆ ಹೇಳುವವರು ಬದಲಾಗುತ್ತಾರೆ. ಮೊದಲ ಅಧ್ಯಾಯದಲ್ಲಿ ಕಥೆ ಹೇಳುವ ಆನಂದ್ ಇಂಗಳಗಿಯಾಗಿ ಅನಂತನಾಗ್ ಇದ್ದಾರೆ. ಎರಡನೆಯದರಲ್ಲಿ ಮಗ ವಿಜಯೇಂದ್ರ ಇಂಗಳಗಿಯಾಗಿ ಪ್ರಕಾಶ್ ರೈ. ತಂದೆಯದು ಕಂಡು ನೊಂದವನ ನಿಧಾನದ ದನಿ. ಮಗನದು ಕೈಗೆ ಸಿಕ್ಕ ಬರಹವನ್ನು ಎದುರಿಗಿರುವವರಿಗೆ ಒಪ್ಪಿಸಬೇಕಾದವನ ಆತುರದ ದನಿ. ಮೊದಲ ಅಧ್ಯಾಯದ ಆರ್ತತೆ ಎರಡನೆಯದರಲ್ಲಿ ಆರ್ಭಟವಾಗುವುದಕ್ಕೆ ದೊಡ್ಡ ಬಂದೂಕುಗಳೂ ಸಂಸತ್ತಿನ ದೃಶ್ಯಗಳೂ ಎಷ್ಟು ಕಾರಣವೋ, ಸಾಕ್ಷಿಯ ಕಂಠ ವಾರಸುದಾರನ ಕಂಠವಾದದ್ದೂ ಅಷ್ಟೇ ಕಾರಣ. ಜೀತಗಾರರ ಬವಣೆ ಮೊದಲ ಚಿತ್ರದಲ್ಲಿ ಅನುಭವ. ಎರಡನೆಯದರಲ್ಲಿ ನಾಯಕನ ಅಧಿಕಾರಕ್ಕೆ ಒದಗಿದ ಸಮರ್ಥನೆ. ಈ ಇಳಿತವನ್ನು ಯಶಸ್ಸಿನ ಸದ್ದಿನಲ್ಲಿ ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ.

ಹೀಗೆ ನೋಡಿದಾಗ ಒಂದು ಕ್ರಮ ಕಾಣುತ್ತದೆ. 1968ರ ನಾಯಕ ತನ್ನ ಮಾತನ್ನು ಆಡಿ, ಇನ್ನೊಬ್ಬರ ದನಿಯಲ್ಲಿ ಹಾಡಿದ. 1978ರ ನಾಯಕ ಎರಡನ್ನೂ ತನ್ನ ದನಿಯಲ್ಲೇ ನಡೆಸಿದ. 2018ರ ನಾಯಕನಿಗೆ ಹಾಡಿಲ್ಲ, ಕಥನವಿಲ್ಲ. ಉಳಿದದ್ದು ಬಿಡಿಬಿಡಿಯಾದ, ಕಡಿದ ಮಾತು ಮಾತ್ರ. ಸ್ವಾರಗೇಟದಲ್ಲಿ ಅದೂ ಉಳಿಯುವುದಿಲ್ಲ. ‘ಕೆ.ಜಿ.ಎಫ್.’ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬಿಡುಗಡೆಯಾಯಿತು. ಎರಡನೆಯ ಅಧ್ಯಾಯದ ಹಿಂದಿ ರೂಪದ ಗಳಿಕೆಯೇ ನಾನೂರು ಕೋಟಿ ರೂಪಾಯಿಗಳನ್ನು ದಾಟಿತು. ಆ ರೂಪದಲ್ಲಿ ಯಶ್ ಅವರಿಗೆ ದನಿ ನೀಡಿದವರು ಸಚಿನ್ ಗೋಳೆ. ಅವರ ಕೆಲಸ ಕೀಳಾದುದಲ್ಲ, ನುರಿತ ಕಂಠ. ಆದರೆ ಆ ಕಂಠಕ್ಕೆ ಹಿಂದಿ ಚಿತ್ರಗಳ ಮುಂಬಯಿಯ ಸಿಟ್ಟಿನ ತರುಣನ ಪರಂಪರೆ ಹಿನ್ನೆಲೆಯಾಗಿ ಒದಗುತ್ತದೆ. ಕನ್ನಡದ ಕಂಪನಿ ನಾಟಕದ, ಯಕ್ಷಗಾನದ, 999ರ ಪರಂಪರೆ ಒದಗುವುದಿಲ್ಲ. ದೇಹ ಉಳಿದು ಪೂರ್ವಸ್ಮೃತಿ ಕಳಚುತ್ತದೆ.

ಇದರಲ್ಲೊಂದು ಐತಿಹಾಸಿಕ ವ್ಯಂಗ್ಯವಿದೆ. ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಬಾರದೆಂದು 1960ರ ದಶಕದಿಂದ ಕನ್ನಡ ಚಳವಳಿಗಾರರೂ ಚಿತ್ರೋದ್ಯಮವೂ ಹೂಡಿದ ಪ್ರತಿರೋಧ ಸುಮಾರು ಅರ್ಧ ಶತಮಾನ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂಥ ನಿರ್ಬಂಧದ ವಿರುದ್ಧ ತೀರ್ಪು ನೀಡಿತು. ನಾಲ್ಕು ವರ್ಷಗಳೊಳಗೆ ಕನ್ನಡದ ನಾಯಕನೇ ಡಬ್ ಆಗಿ ಹೊರಟ. ಹೊರಗಿನ ದನಿ ಒಳಗೆ ಬಾರದಂತೆ ತಡೆಯುವುದರಲ್ಲಿ ಮಗ್ನರಾದ ನಾವು, ನಮ್ಮ ದನಿ ಹೊರಗೆ ಹೋಗುವಾಗ ಏನಾಗುತ್ತದೆಂದು ಯೋಚಿಸಿರಲಿಲ್ಲ. ಡಬ್ಬಿಂಗ್ ಬೇಡವೆಂಬುದು ಈ ಲೇಖನದ ವಾದವಲ್ಲ. ಹಿಂದಿಯಲ್ಲಿ ಬಂದಿರದಿದ್ದರೆ ಸ್ವಾರಗೇಟದ ಮರಾಠಿ ಹುಡುಗನಿಗೆ ಕೋಲಾರದ ಹೆಸರು ತಿಳಿಯುತ್ತಿರಲಿಲ್ಲ. ಆದರೆ ಅವನ ಪಕ್ಕದಲ್ಲಿ ಕುಳಿತ ಕನ್ನಡದ ಹುಡುಗನಿಗೂ ನಾಯಕನ ಕನ್ನಡ ತಿಳಿಯದೆ ಹೋದರೆ ನಷ್ಟ ಬೇರೆಯದು. ಅವನು ಚಿತ್ರವನ್ನು ತನ್ನದೆಂದು ಹೆಮ್ಮೆಪಡುತ್ತಾನೆ, ಆದರೆ ಆ ಹೆಮ್ಮೆಯನ್ನು ಇನ್ನೊಂದು ಭಾಷೆಯಲ್ಲಿ ಅನುಭವಿಸುತ್ತಾನೆ.

ಹೊರರಾಜ್ಯಗಳ ಸಂಶೋಧಕರಿಗೆ ಇದರಿಂದ ಒದಗುವ ಎಚ್ಚರವೊಂದಿದೆ. ನಮ್ಮಲ್ಲಿ ಅನೇಕರು ಕನ್ನಡ ಚಿತ್ರಗಳನ್ನು ಡಬ್ ಆದ ರೂಪದಲ್ಲೋ ಉಪಶೀರ್ಷಿಕೆಗಳ ನೆರವಿನಿಂದಲೋ ನೋಡಿ, ಕನ್ನಡ ನಾಯಕ ಈಚೆಗೆ ಅಬ್ಬರದವನಾಗಿದ್ದಾನೆಂದು ತೀರ್ಮಾನಿಸುತ್ತಿದ್ದೇವೆ. ಆ ಅಬ್ಬರದಲ್ಲಿ ಎಷ್ಟು ಪಾಲು ಮೂಲದ್ದು, ಎಷ್ಟು ಪಾಲು ಡಬ್ಬಿಂಗಿನದು ಎಂಬುದನ್ನು ಎರಡು ಧ್ವನಿಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ ಕೇಳದೆ ಹೇಳಲಾಗದು. ಗ್ರಂಥಸಂಪಾದನೆಯಲ್ಲಿ ಒಂದೇ ಹಸ್ತಪ್ರತಿಯನ್ನು ನಂಬಿ ಪಾಠ ನಿರ್ಣಯಿಸುವವರನ್ನು ನಾವು ಒಪ್ಪುವುದಿಲ್ಲ. ಚಲನಚಿತ್ರದ ಅಧ್ಯಯನಕ್ಕೂ ಅದೇ ಶಿಸ್ತು ಸಲ್ಲಬೇಕು. ಹಳೆಯ ಮಾಲೆಯನ್ನು ಅಭ್ಯಸಿಸುವವರಿಗೆ ಹಾಡಿನ ಪುಸ್ತಕಗಳೂ ಭಿತ್ತಿಪತ್ರಗಳೂ ಮುಖ್ಯ ಆಕರಗಳು. ಅಂಥ ಸಾಮಗ್ರಿಯನ್ನು 1964ರಿಂದ ಸಂಗ್ರಹಿಸುತ್ತ ಬಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೇ ಪುಣೆಯ ಲಾ ಕಾಲೇಜು ರಸ್ತೆಯಲ್ಲಿದೆ.

ಮರಾಠಿಯಲ್ಲಿ ಸ್ವಾರ ಎಂದರೆ ಸವಾರ. ಹಿಂದೆ ಸವಾರರು ಕಾವಲಿದ್ದ ದ್ವಾರವಾದ್ದರಿಂದ ಸ್ವಾರಗೇಟಕ್ಕೆ ಆ ಹೆಸರು ಬಂದಿತೆಂಬುದು ರೂಢಿಯ ವಿವರಣೆ. ಊರನ್ನು ಹೊಕ್ಕವರು ಯಾರು, ಎಲ್ಲಿಂದ ಬಂದವರು ಎಂದು ವಿಚಾರಿಸುವುದು ಕಾವಲಿನವರ ಕೆಲಸವಾಗಿತ್ತು. ಗಡಿ ದಾಟಿ ಬಂದ ನಾಯಕನನ್ನು ಹಾಗೆ ವಿಚಾರಿಸುವ ಕೆಲಸ ಇಂದು ವಿಮರ್ಶೆಯದು. ಅವನು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾನೆ ಎಂಬುದನ್ನು ಮೊದಲು ಕಿವಿಗೊಟ್ಟು ಕೇಳಬೇಕು.