ಒಂಟೆಗೆ ಹಗ್ಗ ಕಟ್ಟಿದವರು ಯಾರು?

ನಾಮಫಲಕಗಳ ಬಗ್ಗೆ ಈ ವಾರ ಬರೆಯುತ್ತೇನೆ ಅಂತ ಹೋದ ವಾರ ಮಾತು ಕೊಟ್ಟಿದ್ದೆ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತಲ್ಲ, ಆಮೇಲೆ ನಮ್ಮ ಮಹದೇವಪುರದ ರಿಂಗ್ ರಸ್ತೆಯಲ್ಲಿ ಎಂಥೆಂಥ ಅಕ್ಷರಗಳು ಎದ್ದು ನಿಂತಿವೆ ಎಂದು ಪಟ್ಟಿಯನ್ನೂ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಭಾನುವಾರ ತಂಗಿಯ ಮಗಳು ಊಟಕ್ಕೆ ಬಂದಳು. ಸಾರನ್ನಕ್ಕೂ ಮಜ್ಜಿಗೆಗೂ ನಡುವೆ ಐದು ಸಲ ಫೋನ್ ಎತ್ತಿದಳು. ಪಟ್ಟಿ ಜೇಬಿನಲ್ಲೇ ಉಳಿಯಿತು.

ಕಾರ್ಖಾನೆಗಳಿಗೆ ಅಳತೆಯ ಉಪಕರಣ ಮಾರುವ ಕಂಪನಿಯೊಂದರಲ್ಲಿ ಅವಳದು ಮಾರ್ಕೆಟಿಂಗ್ ಸಪೋರ್ಟ್ ಕೆಲಸ. ‘ಅಂದ್ರೆ ದಿನಾ ಏನು ಮಾಡ್ತೀಯಮ್ಮ?’ ಅಂದೆ. ‘ದಿನಾ ಬೇರೆ ಬೇರೆ ಮಾಮ, ಅದೇ ಕಷ್ಟ’ ಅಂದಳು. ಇಂಟರ್‌ವ್ಯೂನಲ್ಲಿ ಅದನ್ನೇ ‘ವೈವಿಧ್ಯಮಯ’ ಅಂದಿದ್ದರಂತೆ. ಹಾಗಾದರೆ ಮೊನ್ನೆ ಮಂಗಳವಾರದ್ದು ಹೇಳು ಅಂದೆ.

ಬೆಳಿಗ್ಗೆ ಒಂಬತ್ತೂವರೆಗೆ, ಹೊಸದಾಗಿ ಸೇರಿದ ಸೇಲ್ಸ್‌ನವನ ವಿಸಿಟಿಂಗ್ ಕಾರ್ಡು. ಇನಿಷಿಯಲ್ ಹೆಸರಿನ ಮುಂದೋ ಹಿಂದೋ ಎಂಬುದು ಅವನಿಗೇ ಖಾತ್ರಿಯಿಲ್ಲ. ಹತ್ತೂವರೆಗೆ ಅಕೌಂಟ್ಸ್‌ನವರ ಮುಂದೆ ಹಾಜರಿ: ನಾಲ್ಕು ಸಾವಿರದ ಪ್ರಿಂಟಿಂಗಿಗೆ ಮೂರು ಕೊಟೇಶನ್ ಎಲ್ಲಿ? ಹನ್ನೊಂದೂವರೆಗೆ, ಕಂಪನಿ ಸ್ಟಾಲು ಹಾಕುವ ಮೇಳಕ್ಕೆ ಹೋಗುವ ಹುಡುಗರ ಟೀ ಶರ್ಟಿನ ಸೈಜು. ಹೊಟ್ಟೆ ಬಂದವರೂ ‘ಎಂ’ ಅಂತಲೇ ಬರೆದಿರುತ್ತಾರೆ, ಇವಳು ಸುಮ್ಮನೆ ‘ಎಕ್ಸ್‌ಎಲ್’ ಮಾಡಿ ಕಳಿಸುತ್ತಾಳೆ. ಊಟದ ಹೊತ್ತಿಗೆ ದೊಡ್ಡವರೊಬ್ಬರು ಘೋಷವಾಕ್ಯ ಬದಲಾಯಿಸುತ್ತಾರೆ. ನಾಲ್ಕಕ್ಕೆ ಹಳೆಯದನ್ನೇ ವಾಪಸ್ ತರುತ್ತಾರೆ.

ಮಧ್ಯಾಹ್ನವೆಲ್ಲ ಎಕ್ಸೆಲ್ ಶೀಟು. ಹೋದ ಮೇಳದಲ್ಲಿ ಸ್ಟಾಲಿಗೆ ಬಂದವರ ಹೆಸರು, ನಂಬರು; ಕಂಪನಿಯ ಭಾಷೆಯಲ್ಲಿ ‘ಲೀಡ್’ಗಳು. ಅದರಲ್ಲಿ ಒಬ್ಬನೇ ಮನುಷ್ಯ ಮೂರು ಸಾಲಿನಲ್ಲಿ ಕೂತಿದ್ದಾನೆ: ಒಂದು ಕಡೆ ‘ಮಂಜುನಾಥ್’, ಇನ್ನೊಂದು ಕಡೆ ‘ಮಂಜುನಾಥ ಬಿ’, ಮತ್ತೊಂದು ಕಡೆ ಯಾರೋ ಸೇಲ್ಸ್‌ನವನು ಸೇರಿಸಿದ ‘ಪೀಣ್ಯ ಮಂಜಣ್ಣ’. ಕಂಪ್ಯೂಟರಿಗೆ ಇವರು ಮೂವರು ಗಿರಾಕಿಗಳು. ಫೋನ್ ಮಾಡಿ, ಧ್ವನಿ ಕೇಳಿ, ಮೂವರನ್ನು ಒಬ್ಬನನ್ನಾಗಿ ಮಾಡಿದವಳು ಇವಳು. ಹಾಗೆ ಮಾಡಿದ್ದಕ್ಕೆ ತಿಂಗಳ ಕೊನೆಯ ಮೀಟಿಂಗಿನಲ್ಲಿ ‘ಲೀಡ್‌ಗಳು ಯಾಕೆ ಕಮ್ಮಿಯಾದವು?’ ಅಂತ ಕೇಳಿದರಂತೆ.

ಡ್ಯಾಶ್‌ಬೋರ್ಡ್ ಪಂಥದವರ ಮೇಲೆ, ಅಂದರೆ ಎಲ್ಲವನ್ನೂ ಗ್ರಾಫಿನಲ್ಲೇ ಅಳೆಯುವವರ ಮೇಲೆ, ನನಗಿರುವ ಕೋಪ ಹಳೆಯ ಓದುಗರಿಗೆ ಗೊತ್ತು. ಹಿಂದೊಮ್ಮೆ ಇಲ್ಲಿ ಗೋಡೆ ಬರಹದ ಪೇಂಟರ್‌ಗಳ ಬಗ್ಗೆ ಬರೆದಾಗ ಆ ಪಂಥದ ಒಬ್ಬರು, ‘ಅಳೆಯಲಾಗದ್ದು ಮಾರ್ಕೆಟಿಂಗೇ ಅಲ್ಲ’ ಎಂದು ಕಾಗದ ಹಾಕಿದ್ದರು. ಸ್ವಾಮಿ, ಪೀಣ್ಯ ಮಂಜಣ್ಣನನ್ನು ನಿಮ್ಮ ಗ್ರಾಫು ಮೂರು ಅಂತ ಅಳೆದಿದೆ. ಉತ್ತರ ತಡವಾಯಿತು, ಕ್ಷಮಿಸಿ.

ಸಂಜೆ ಐದಕ್ಕೆ ಸ್ಟ್ಯಾಂಡಿ, ಅಂದರೆ ಆರಡಿ ಎತ್ತರ ಮೂರಡಿ ಅಗಲದ, ಎಳೆದು ನಿಲ್ಲಿಸುವ ಬ್ಯಾನರು. ಅದಕ್ಕೊಂದು ಸಾಲು ಕನ್ನಡ ಬೇಕು. ಇವಳು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಸುಲ್ತಾನ್‌ಪೇಟೆಯ ಪ್ರಿಂಟರ್‌ಗೆ ವಾಟ್ಸ್ಯಾಪ್ ಮಾಡಿದಳು. ಆ ಅಂಗಡಿಯ ಹಳೆಯ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾಗೆ ನುಡಿ, ಶ್ರೀಲಿಪಿಯ ಹಳೇ ಅಕ್ಷರಗಳು ಗೊತ್ತೇ ಹೊರತು ಯೂನಿಕೋಡ್ ಕನ್ನಡ ಗೊತ್ತಿಲ್ಲ. ಪೇಸ್ಟ್ ಮಾಡಿದೊಡನೆ ಒತ್ತಕ್ಷರಗಳೆಲ್ಲ ಕೆಳಗಿನಿಂದೆದ್ದು ಪಕ್ಕಕ್ಕೆ ಬಂದು ನಿಲ್ಲುತ್ತವೆ. ಒತ್ತಿಲ್ಲದ ‘ಮಹದೇವಪುರ’ ಹೆಚ್ಚುಕಮ್ಮಿ ಬಚಾವು. ‘ಕರ್ನಾಟಕ’ದ ಅರ್ಕಾವತ್ತು ಮಾತ್ರ ದಿಕ್ಕಾಪಾಲು. ‘ಕರ್ವ್ ಮಾಡಿ ಕಳ್ಸಿ ಮೇಡಂ’ ಅಂದ ಪ್ರಿಂಟರ್. ಅಕ್ಷರವನ್ನು ಅಕ್ಷರವಾಗಿ ಬೇಡ, ಗೆರೆಯಾಗಿ ಕಳಿಸಿ ಅಂತ. ಕಳಿಸಿದಳು. ನೂರು ಬೋರ್ಡಿನಲ್ಲಿ ಕನ್ನಡ ನೆಟ್ಟಗಿದೆ ಅಂದರೆ, ಸಂಜೆ ಐದರ ಮೇಲೆ ಯಾರೋ ನೂರು ಸಲ ಕರ್ವ್ ಮಾಡಿದ್ದಾರೆ. ನಾಮಫಲಕದ ಬಗ್ಗೆ ಬರೆಯುತ್ತೇನೆ ಎಂದಿದ್ದೆನಲ್ಲ, ಇಷ್ಟೇ ಅಂತ ಇಟ್ಟುಕೊಳ್ಳಿ.

ನಾನೂ ಇದೇ ಕಸುಬು ಮಾಡಿದವನು. ಎಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್ ರಸ್ತೆಯ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಹುದ್ದೆಗೆ ‘ಸೇಲ್ಸ್ ಪ್ರಮೋಷನ್ ಅಸಿಸ್ಟೆಂಟ್’ ಎಂಬ ಹೆಸರಿತ್ತು. ಪಂಪಿನ ಕ್ಯಾಟಲಾಗು ಎರಡು ಸಾವಿರ ಪ್ರತಿ ಅಚ್ಚಾಗಿ ಬಂತು. 7.5 ಎಚ್‌ಪಿ ಇರಬೇಕಾದಲ್ಲಿ ಚುಕ್ಕಿ ಬಿದ್ದುಹೋಗಿ 75 ಆಗಿತ್ತು. ಪ್ರೂಫ್ ನೋಡಿದ್ದವನು ನಾನೇ. ಕ್ಯಾಂಟೀನಿನವರ ಹತ್ತಿರ ಮೈದಾ ಅಂಟು ಕಾಯಿಸಿಕೊಂಡು, ಜವಾನನೂ ನಾನೂ ಎರಡು ರಾತ್ರಿ ಕೂತು ಎರಡು ಸಾವಿರ ಚೀಟಿ ಅಂಟಿಸಿದೆವು. ಗಿರಾಕಿಗಳಿಗೆ ಗೊತ್ತಾಗಲಿಲ್ಲ. ಜಿರಲೆಗಳಿಗೆ ಗೊತ್ತಾಯಿತು, ಮಳೆಗಾಲದ ಹೊತ್ತಿಗೆ ಗೋಡೌನಿನಲ್ಲಿ ಉಳಿದ ಕ್ಯಾಟಲಾಗುಗಳಿಂದ ಚೀಟಿಯನ್ನಷ್ಟೇ ತಿಂದು ಮುಗಿಸಿದ್ದವು.

ಈ ಕಸುಬಿನ ಮಾತು ಬಂದಾಗಲೆಲ್ಲ ನಾನು ಮೈಸೂರು ಸ್ಯಾಂಡಲ್ ಸೋಪಿಗೆ ಹೋಗುತ್ತೇನೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಾಸ್ತ್ರಗ್ರಂಥ ಇಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗುವ ಹಡಗು ನಿಂತು, ಸಂಸ್ಥಾನದ ಗಂಧದ ಕೊರಡು ರಾಶಿ ಬಿತ್ತು. ಕೊರಡಿನಿಂದ ಎಣ್ಣೆ ತೆಗೆದರು, ಎಣ್ಣೆಯಿಂದ ಸೋಪು ಮಾಡಿದರು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು, ಲಂಡನ್ನಿಗೆ ಹೋಗಿ ಸುಗಂಧದ ವಿದ್ಯೆ ಕಲಿತುಬಂದ ಎಸ್.ಜಿ. ಶಾಸ್ತ್ರಿಗಳು, ಎಲ್ಲರ ಹೆಸರೂ ಇದೆ. ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಅದರೊಳಗೆ ಮೊಟ್ಟೆಯಾಕಾರದ ಸೋಪು, ಮೇಲೆ ಆನೆಯ ತಲೆ ಸಿಂಹದ ಮೈಯ ಶರಭ. ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣದ ಮೇಲೆಲ್ಲ ಸೋಪಿನ ಚಿತ್ರ. ಕರಾಚಿಯಲ್ಲಂತೂ ಪ್ರಚಾರಕ್ಕೆ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು!

ಅಲ್ಲೇ ನನ್ನ ತಲೆ ಕೆಡುವುದು. ಬೆಂಗಳೂರಿನ ಸೋಪು, ಕರಾಚಿಯ ಒಂಟೆ. ಬಾಡಿಗೆ ಮಾತಾಡಿದವರು ಯಾರು? ಬೋರ್ಡು ಕಟ್ಟಿದ್ದರೆ ಹಗ್ಗ ಬಿಗಿದವರು ಯಾರು? ಒಂಟೆಯವನಿಗೆ ಮುಂಗಡ ಕೊಟ್ಟ ಚೀಟಿ ತಂದು ಕಚೇರಿಯಲ್ಲಿ ಪಾಸು ಮಾಡಿಸಿದವರು ಯಾರು? ಮೂರು ಕೊಟೇಶನ್ ಕೇಳಿರಲಿಕ್ಕೂ ಸಾಕು. 2025ರಲ್ಲಿ ಅದೇ ಸೋಪಿಗೆ 6.2 ಕೋಟಿ ಕೊಟ್ಟು ತಮನ್ನಾ ಅವರನ್ನು ರಾಯಭಾರಿ ಮಾಡಿದಾಗ ವಾರಗಟ್ಟಲೆ ಚರ್ಚೆಯಾಯಿತು. ತಮನ್ನಾ ಯಾರೆಂದು ಎಲ್ಲರಿಗೂ ಗೊತ್ತು. ನನಗೆ ಬೇಕಾಗಿದ್ದು ಒಂಟೆಯ ಪಕ್ಕ ನಡೆದು ಹೋದ ಆ ಗುಮಾಸ್ತ.

ಬುಧವಾರ ನಮ್ಮ ಹುಡುಗಿ ಸ್ಟ್ಯಾಂಡಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸಿಂಗಯ್ಯನಪಾಳ್ಯದಲ್ಲಿ ಮೆಟ್ರೋ ಹತ್ತಿದಳು. ಮೇಳ ಮಾದಾವರದಲ್ಲಿ, ಊರಿನ ಆ ತುದಿ. ಅಲ್ಲಿಗೆ 2024ರ ನವೆಂಬರ್‌ನಿಂದ ಹಸಿರು ಮಾರ್ಗ ಬಂದಿದೆ, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಿದರಾಯಿತು. ಸೆಕ್ಯುರಿಟಿಯವರು ಚೀಲ ಮುಟ್ಟಿ ನೋಡಿ ‘ಏನಮ್ಮ ಇದು, ಕ್ರಿಕೆಟ್ಟಾ?’ ಅಂದರಂತೆ.

ರಾತ್ರಿ ಒಂಬತ್ತೂಕಾಲಿಗೆ ಫೋನು.

‘ಮಾಮ, ಸ್ಟ್ಯಾಂಡಿದು ಒಂದು ಕಾಲು ಇಲ್ಲ. ಎಲ್ಲಿ ಬಿತ್ತೋ ಗೊತ್ತಿಲ್ಲ.’

‘ಈಗೇನು ಮಾಡಿದೆ?’

‘ಹಿಂದೆ ನೀರಿನ ಕ್ಯಾನ್ ಇಟ್ಟಿದ್ದೀನಿ. ನಿಂತಿದೆ.’

ಫೋಟೋ ಕಳಿಸಿದಳು. ಮುಂದಿನಿಂದ ನೋಡಿದರೆ ಕ್ಯಾನ್ ಕಾಣುವುದಿಲ್ಲ. ಎರಡು ಬೆರಳಿನಿಂದ ದೊಡ್ಡದು ಮಾಡಿ ‘ಕರ್ನಾಟಕ’ದ ಅರ್ಕಾವತ್ತು ನೋಡಿದೆ. ತನ್ನ ಜಾಗದಲ್ಲೇ ಇತ್ತು.